ಕಾಗದಕ್ಕೆ ಹೊದಿಸಿದ ಬಟ್ಟೆ

ತರಗತಿಯಲ್ಲಿ ಹೇಳಿದ ತಪ್ಪನ್ನು ಮರುದಿನವೇ ತಿದ್ದಿಕೊಂಡರೆ ಅದೂ ಒಂದು ಪಾಠವಾಗುತ್ತದೆ. ತಿದ್ದದೆ ಬಿಟ್ಟರೆ ಅದು ಮೇಷ್ಟರ ತಲೆಯ ಮೇಲೆ ಸಾಲವಾಗಿ ಉಳಿಯುತ್ತದೆ. ಅಂಥದೊಂದು ಹಳೆಯ ಸಾಲವನ್ನು ತೀರಿಸುವ ಸಲುವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

1987ನೆಯ ಇಸವಿಯ ಮಾತು. ಆಗ ನಾನು ಮೊಳಕಾಲ್ಮೂರು ಸೀಮೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಹತ್ತನೆಯ ತರಗತಿಯ ಮಕ್ಕಳನ್ನು ಜೋಗಕ್ಕೆ ಪ್ರವಾಸ ಕರೆದುಕೊಂಡು ಹೋಗುವಾಗ ದಾರಿಯಲ್ಲಿ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯನ್ನು ನೋಡುವ ಅವಕಾಶ ದೊರಕಿತ್ತು. ಯಂತ್ರದ ಒಂದು ತುದಿಯಲ್ಲಿ ಹಾಲಿನಂಥ ನೀರು, ಇನ್ನೊಂದು ತುದಿಯಲ್ಲಿ ಸುರುಳಿ ಸುತ್ತಿದ ಕಾಗದ. ನಡುವೆ ಆಳೆತ್ತರದ ಕಬ್ಬಿಣದ ಉರುಳೆಗಳ ಸಾಲು, ತಾಳಲಾರದ ಸೆಕೆ, ಕಿವಿಗಡಚಿಕ್ಕುವ ಸದ್ದು. ಆ ಉರುಳೆಗಳನ್ನು ಬಳಸಿಕೊಂಡು ಕಾಗದದ ಜೊತೆಜೊತೆಗೇ ಅಗಲವಾದ, ದಪ್ಪನೆಯ ಬಟ್ಟೆಯೊಂದು ಓಡುತ್ತಿತ್ತು. ನೇಕಾರರ ಮನೆಯ ಒಬ್ಬ ಹುಡುಗ ಅದನ್ನೇ ದಿಟ್ಟಿಸಿ ನೋಡುತ್ತ ನಿಂತುಬಿಟ್ಟ. "ಸಾರ್, ಇದೂ ಮಗ್ಗದ ಮೇಲೆ ನೇಯ್ದದ್ದೇ ಅಲ್ವಾ? ಇಷ್ಟು ಅಗಲದ ಬಟ್ಟೇನ ಯಾರು ನೇಯ್ತಾರೆ ಸಾರ್?" ಎಂದು ಕೇಳಿದ. ಬಸ್ಸಿಗೆ ಹೊತ್ತಾಗುತ್ತಿತ್ತು. "ಅದು ಬಟ್ಟೆಯಲ್ಲಪ್ಪ, ಯಂತ್ರದ ಒಂದು ಭಾಗ. ನೀರು ಹೀರೋದಕ್ಕೆ ಇಟ್ಟಿರ್ತಾರೆ. ನಡಿ, ನಡಿ" ಎಂದು ಗದರಿಸಿ ಮುಂದೆ ಕಳಿಸಿದೆ. ಹುಡುಗ ತಲೆ ತಗ್ಗಿಸಿಕೊಂಡು ನಡೆದ.

ನಿವೃತ್ತಿಯ ನಂತರ ಕಾಗದದ ಇತಿಹಾಸವನ್ನು ಬಿಡುವಾಗಿ ಓದತೊಡಗಿದಾಗ, ನಾನು ಅಂದು ಹೇಳಿದ ಎರಡು ಮಾತುಗಳೂ ತಪ್ಪೆಂದು ತಿಳಿಯಿತು. ಅದು ಬಟ್ಟೆಯೇ ಆಗಿತ್ತು. ಅದರ ಮುಖ್ಯ ಕೆಲಸ ನೀರು ಹೀರುವುದೂ ಆಗಿರಲಿಲ್ಲ.

ಕಾಗದಕ್ಕೂ ಬಟ್ಟೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ಚೀನಾ ದೇಶದ ಅರಮನೆಯ ಅಧಿಕಾರಿ ತ್ಸಾಯ್ ಲುನ್ ಕ್ರಿ.ಶ. 105ರಲ್ಲಿ ಕಾಗದ ಮಾಡುವ ಕ್ರಮವನ್ನು ಚಕ್ರವರ್ತಿಗೆ ಅರಿಕೆ ಮಾಡಿಕೊಂಡಾಗ, ಅವನು ಹೆಸರಿಸಿದ ಸಾಮಗ್ರಿಗಳಲ್ಲಿ ಮರದ ತೊಗಟೆ, ಹಳೆಯ ಮೀನುಬಲೆಗಳ ಜೊತೆಗೆ ಚಿಂದಿ ಬಟ್ಟೆಯೂ ಸೇರಿತ್ತು. ಮುಂದೆ ಯೂರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೂ ಕಾಗದಕ್ಕೆ ಮುಖ್ಯ ಆಧಾರ ನಾರುಬಟ್ಟೆ ಮತ್ತು ಹತ್ತಿಬಟ್ಟೆಯ ಚಿಂದಿಯೇ. ಮರದ ತಿರುಳು ಬಂದದ್ದು ಆಮೇಲೆ.

ಬಟ್ಟೆಯಿಂದ ಹುಟ್ಟಿದ ಆ ಹಾಳೆ ಮೈ ಆರಿಸಿಕೊಳ್ಳುವುದಕ್ಕೂ ಬಟ್ಟೆಯನ್ನೇ ಆಶ್ರಯಿಸಿತ್ತು. ಯೂರೋಪಿನ ಕೈಕಾಗದದ ಶಾಲೆಗಳಲ್ಲಿ ಮೂವರು ಕೂಡಿ ಕೆಲಸ ಮಾಡುತ್ತಿದ್ದರು. ಒಬ್ಬನು ತೊಟ್ಟಿಯಲ್ಲಿ ಜಾಲರಿಯ ಅಚ್ಚನ್ನು ಅದ್ದಿ ತಿರುಳನ್ನು ಎತ್ತುತ್ತಿದ್ದ. ಎರಡನೆಯವನು ಆ ಹಸಿ ಹಾಳೆಯನ್ನು ಉಣ್ಣೆಬಟ್ಟೆಯ ತುಂಡಿನ ಮೇಲೆ ಮಗುಚಿ ಹಾಕುತ್ತಿದ್ದ. ಒಂದು ಬಟ್ಟೆ, ಒಂದು ಹಾಳೆ, ಮತ್ತೆ ಒಂದು ಬಟ್ಟೆ ಎಂದು ರಾಶಿ ಬೆಳೆಯುತ್ತಿತ್ತು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಆರು ದಸ್ತು, ಅಂದರೆ 144 ಹಾಳೆಗಳ ರಾಶಿಯಾದ ಮೇಲೆ ಅದನ್ನು ಒತ್ತುಯಂತ್ರಕ್ಕೆ ಕೊಟ್ಟು ನೀರು ಹಿಂಡುತ್ತಿದ್ದರು. ಮೂರನೆಯವನು ಹಾಳೆಗಳನ್ನು ಬಟ್ಟೆಯಿಂದ ಬಿಡಿಸಿ ಎತ್ತುತ್ತಿದ್ದ. ಆಮೇಲೆ ಅವನ್ನು ಅಟ್ಟಕ್ಕೆ ಒಯ್ದು, ಹಗ್ಗಗಳ ಮೇಲೆ ಹರವಿ ಗಾಳಿಗೆ ಒಣಗಿಸುತ್ತಿದ್ದರು. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಬಟ್ಟೆ ಒಣಗಿಸುವ ಪಾಡೇ ಅವರಿಗೂ ಇತ್ತೆಂದು ಬೇರೆ ಹೇಳಬೇಕಾಗಿಲ್ಲ.

ಆ ಉಣ್ಣೆಯ ತುಂಡುಗಳಿಗೆ 'ಫೆಲ್ಟ್' ಎಂಬ ಹೆಸರು ಬಿದ್ದಿತು. ಫೆಲ್ಟ್ ಎಂದರೆ ನೇಯದೆ, ಉಣ್ಣೆಯನ್ನು ಒದ್ದೆ ಮಾಡಿ ತಿಕ್ಕಿ ಬಡಿದು ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡಿದ ಹಾಸು. ಆದರೆ ಕಾಗದದವರ ಫೆಲ್ಟು ಹಾಸು ಹೊಕ್ಕುಗಳಿಂದ ನೇಯ್ದ ಬಟ್ಟೆ. ನನ್ನ ವಿದ್ಯಾರ್ಥಿ ದೂರದಿಂದಲೇ ಕಂಡುಕೊಂಡ ಸತ್ಯವನ್ನು ಈ ಹೆಸರು ಮರೆಮಾಡಿಬಿಟ್ಟಿದೆ.

ಇನ್ನು ಯಂತ್ರದ ಕಥೆ. ಫ್ರಾನ್ಸಿನ ಎಸೋನ್ ಎಂಬಲ್ಲಿ ದಿದೋ ಮನೆತನದ ಕಾಗದದ ಕಾರ್ಖಾನೆಯಿತ್ತು. ಅಲ್ಲಿ ಕೆಲಸಕ್ಕಿದ್ದ ಲೂಯಿ ನಿಕೊಲಾ ರಾಬೇರ್ ಎಂಬವನು ಬಿಡಿಬಿಡಿ ಹಾಳೆಗಳ ಬದಲು ಉದ್ದನೆಯ ಪಟ್ಟಿಯನ್ನೇ ಮಾಡುವ ಉಪಾಯವನ್ನು ಹೂಡಿದ. ತುದಿಮೊದಲಿಲ್ಲದಂತೆ ಜೋಡಿಸಿದ ತಂತಿಜಾಲರಿಯ ಪಟ್ಟಿ ಸುತ್ತುತ್ತಲೇ ಇರುತ್ತದೆ, ಅದರ ಮೇಲೆ ತಿರುಳು ಸುರಿಯುತ್ತದೆ, ನೀರು ಕೆಳಕ್ಕೆ ಸೋರಿ ಹಾಳೆ ಮೇಲುಳಿಯುತ್ತದೆ. 1799ರ ಜನವರಿಯಲ್ಲಿ ಅವನಿಗೆ ಪೇಟೆಂಟು ದೊರೆಯಿತು. ಯಜಮಾನ ದಿದೋ ಅದನ್ನು 25,000 ಫ್ರಾಂಕುಗಳಿಗೆ ಕೊಂಡನಾದರೂ ಒಪ್ಪಿದ ಹಣವನ್ನು ಪೂರ್ತಿಯಾಗಿ ಕೊಡಲಿಲ್ಲ. ದಿದೋನ ಭಾವಮೈದುನ ಜಾನ್ ಗ್ಯಾಂಬಲ್ ಈ ಯಂತ್ರಕ್ಕೆ 1801ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದ. ಲಂಡನ್ನಿನ ಕಾಗದದ ವ್ಯಾಪಾರಿಗಳಾದ ಹೆನ್ರಿ ಮತ್ತು ಸೀಲಿ ಫೂರ್‌ಡ್ರಿನಿಯರ್ ಸಹೋದರರು ಹಣ ಹೂಡಿದರು. ಬ್ರಯನ್ ಡಾಂಕಿನ್ ಎಂಬ ಎಂಜಿನಿಯರು ಯಂತ್ರವನ್ನು ತಿದ್ದಿ ಕಟ್ಟಿದ. 1803ರಲ್ಲಿ ಹರ್ಟ್‌ಫರ್ಡ್‌ಷೈರಿನ ಫ್ರಾಗ್‌ಮೋರ್‌ನಲ್ಲಿ ಅದು ನಡೆಯಿತು. ಸುಮಾರು 60,000 ಪೌಂಡುಗಳನ್ನು ಇದಕ್ಕೆ ಸುರಿದ ಸಹೋದರರು 1810ರಲ್ಲಿ ದಿವಾಳಿಯಾದರು. 1840ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು 7,000 ಪೌಂಡುಗಳನ್ನು ಮಂಜೂರು ಮಾಡಿ ಕಣ್ಣೊರೆಸಿತು. ಇಂದಿಗೂ ಆ ಬಗೆಯ ಯಂತ್ರವನ್ನು ಕರೆಯುವುದು ಅವರ ಹೆಸರಿನಿಂದಲೇ.

ಆದರೆ ಈ ಯಂತ್ರದಿಂದ ಹೊರಬರುತ್ತಿದ್ದದ್ದು ಹಸಿ ಕಾಗದ. ಅದನ್ನು ಕತ್ತರಿಸಿ ಮತ್ತೆ ಅಟ್ಟಕ್ಕೇ ಹೊರಬೇಕಾಗಿತ್ತು. ಹಾಳೆ ಮಾಡುವ ಕೆಲಸ ಓಡತೊಡಗಿದರೂ ಒಣಗಿಸುವ ಕೆಲಸ ಕುಳಿತಲ್ಲೇ ಕುಳಿತಿತ್ತು. ಈ ತೊಡಕನ್ನು ಬಿಡಿಸಿದವನು ಲ್ಯಾಂಕಷೈರಿನ ಫಾರ್ನ್‌ವರ್ತ್‌ನ ಥಾಮಸ್ ಬಾನ್ಸರ್ ಕ್ರಾಂಪ್ಟನ್. 1820ರಲ್ಲಿ ಅವನು ಪಡೆದ ಪೇಟೆಂಟಿನ ತಿರುಳು ಇಷ್ಟೇ: ಒಳಗಿನಿಂದ ಕಾಯಿಸಿದ ಟೊಳ್ಳು ಉರುಳೆಗಳ ಮೇಲೆ ಹಸಿ ಕಾಗದವನ್ನು ಹಾಯಿಸಬೇಕು, ಅದು ಉರುಳೆಗೆ ಅಂಟಿಕೊಂಡಿರುವಂತೆ ಮೇಲಿನಿಂದ ಒಂದು ಬಟ್ಟೆ ಬಿಗಿಯಾಗಿ ಒತ್ತಿ ಹಿಡಿದಿರಬೇಕು. ಭದ್ರಾವತಿಯಲ್ಲಿ ನಮ್ಮ ಮಕ್ಕಳು ಕಂಡ ಬಟ್ಟೆಯ ಮೂಲ ಇಲ್ಲಿದೆ.

ಹಾಗಾದರೆ ಆ ಬಟ್ಟೆಯ ಕೆಲಸವೇನು? ನಮ್ಮ ತಾಯಂದಿರು ಜೋಳದ ರೊಟ್ಟಿ ಬೇಯಿಸುವುದನ್ನು ನೆನಪು ಮಾಡಿಕೊಳ್ಳಿ. ರೊಟ್ಟಿಯನ್ನು ಹೆಂಚಿಗೆ ಹಾಕಿ, ಬಟ್ಟೆಯ ಉಂಡೆಯಿಂದ ಅಲ್ಲಲ್ಲಿ ಒತ್ತುತ್ತಾರೆ. ಆ ಬಟ್ಟೆ ರೊಟ್ಟಿಯ ನೀರನ್ನು ಹೀರುವುದಿಲ್ಲ. ರೊಟ್ಟಿ ಹೆಂಚಿಗೆ ತಾಗುವಂತೆ ಮಾಡುತ್ತದೆ, ಅಷ್ಟೆ. ನಡುವೆ ಗಾಳಿಯ ತೆಳುಪದರ ಉಳಿದರೆ ಶಾಖ ಸರಿಯಾಗಿ ಹರಿಯದು, ಏಕೆಂದರೆ ಗಾಳಿ ಶಾಖದ ಮಂದವಾಹಕ. ಕಾಗದದ ಬಟ್ಟೆಯೂ ಇದನ್ನೇ ಮಾಡುತ್ತದೆ. ಜೊತೆಗೆ, ಒಣಗುವಾಗ ಕಾಗದ ಕುಗ್ಗುತ್ತದೆ. ಬಿಗಿಹಿಡಿಯುವವರಿಲ್ಲದಿದ್ದರೆ ಅಂಚು ಮುದುಡಿ ಮೈ ಸುಕ್ಕುಗಟ್ಟುತ್ತದೆ. ಬಟ್ಟೆ ಅದನ್ನು ತಡೆಯುತ್ತದೆ. ಇನ್ನೂ ಬಲ ಬಾರದ ಹಸಿ ಹಾಳೆ ಹರಿಯದಂತೆ ಒಂದು ಉರುಳೆಯಿಂದ ಇನ್ನೊಂದಕ್ಕೆ ದಾಟಿಸುವುದಕ್ಕೂ ನೆರವಾಗುತ್ತದೆ. ನೀರು ಹೀರುವ ಕೆಲಸ ನಿಜವಾಗಿ ಅದಕ್ಕೂ ಮುಂಚೆ, ಒತ್ತುವ ಉರುಳೆಗಳ ನಡುವಿನ ಫೆಲ್ಟಿನದು.

ಸ್ವಲ್ಪ ಲೆಕ್ಕ ಮಾಡೋಣ, ಹಳೆಯ ಅಭ್ಯಾಸ ಬಿಡದು. ಯಂತ್ರಕ್ಕೆ ಬರುವ ದ್ರವದಲ್ಲಿ ನಾರು ನೂರಕ್ಕೆ ಒಂದು ಪಾಲು ಅಥವಾ ಅದಕ್ಕೂ ಕಡಿಮೆ. ಒಂದು ಪಾಲೆಂದೇ ಹಿಡಿದರೆ, 1 ಕಿಲೋ ನಾರಿನ ಜೊತೆ 99 ಕಿಲೋ ನೀರು. ಜಾಲರಿ ದಾಟುವ ಹೊತ್ತಿಗೆ ನಾರು ಸುಮಾರು ನೂರಕ್ಕೆ 20 ಪಾಲು, ಅಂದರೆ ಉಳಿದ ನೀರು 4 ಕಿಲೋ. ಒತ್ತಿದ ಮೇಲೆ ನಾರು 40 ಪಾಲು ಎಂದುಕೊಂಡರೆ ನೀರು ಒಂದೂವರೆ ಕಿಲೋ. ಮೊದಲಿನ 97 ಕಿಲೋಗಳಿಗಿಂತ ಹೆಚ್ಚು ನೀರು ಸೋರಿ, ಹಿಂಡಿ ಹೋಯಿತು. ಒಣ ಕಾಗದದಲ್ಲಿ ಉಳಿಯುವುದು ಸುಮಾರು 50 ಗ್ರಾಂ. ನಡುವಿನ ಆ ಒಂದೂವರೆ ಕಿಲೋವನ್ನು ಮಾತ್ರ ಆವಿ ಮಾಡಿಯೇ ಓಡಿಸಬೇಕು. ಒಂದು ಕಿಲೋ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೆ ಕಾಯಿಸಲು 100 ಕಿಲೋಕ್ಯಾಲೊರಿ ಸಾಕು, ನೂರು ಡಿಗ್ರಿಯ ನೀರನ್ನು ಆವಿ ಮಾಡಲು 540 ಬೇಕು. ಗುಪ್ತೋಷ್ಣದ ಪಾಠ ನೆನಪಿದೆಯಲ್ಲವೇ? ಅದಕ್ಕಾಗಿಯೇ ಕಾಗದದ ಯಂತ್ರದಲ್ಲಿ ಹೆಚ್ಚಿನ ಶಾಖವನ್ನೆಲ್ಲ ನುಂಗುವುದು ಒಣಗಿಸುವ ಭಾಗ. ಬಟ್ಟೆ ಸಡಿಲವಾದರೆ ಉರಿಸಿದ ಕಲ್ಲಿದ್ದಲೂ ಸೌದೆಯೂ ದಂಡವಾದಂತೆ.

ಈ ಬಟ್ಟೆಯ ಬಾಳೂ ಸುಖದ್ದಲ್ಲ. ಮೊದಲು ಉಣ್ಣೆಯದಿತ್ತು, ಅನಂತರ ದಪ್ಪ ಹತ್ತಿಬಟ್ಟೆ ಬಂದಿತು. ಬಿಸಿ ಮತ್ತು ತೇವ ಒಟ್ಟಿಗೆ ತಾಗಿ ಹತ್ತಿ ಕ್ರಮೇಣ ಸೀದು ಲಡ್ಡಾಗುತ್ತಿತ್ತು. ಶಾಖ ತಡೆಯಲೆಂದು ಕಲ್ನಾರನ್ನು ಬೆರೆಸಿದ ನೂಲನ್ನೂ ಬಳಸಿದರು. ಹತ್ತಿಬಟ್ಟೆ ತಾನೇ ತೇವವಾಗುತ್ತಿದ್ದುದರಿಂದ ಅದನ್ನು ಒಣಗಿಸಲೆಂದೇ ಬೇರೆ ಬಿಸಿ ಉರುಳೆಗಳನ್ನು ಇಡುತ್ತಿದ್ದರು. ನನ್ನ ಉತ್ತರದಲ್ಲಿ ಅಷ್ಟು ಮಟ್ಟಿಗೆ ಸತ್ಯಾಂಶವಿತ್ತೆಂದು ಸಮಾಧಾನ ಪಟ್ಟುಕೊಳ್ಳಬಹುದು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಕೃತಕ ನೂಲುಗಳು ಬಂದವು. ಪಾಲಿಯೆಸ್ಟರಿನ ಒಂಟಿ ಎಳೆಗಳಿಂದ ನೇಯ್ದ ತೆರಪು ಬಟ್ಟೆಯೊಳಗಿಂದ ಆವಿ ಸರಾಗವಾಗಿ ಹೊರಹೋಗುತ್ತದೆ. ಬಟ್ಟೆ ತಾನು ನೆನೆಯುವುದೂ ಇಲ್ಲ. ಆದರೆ ಬಿಸಿ ಹಬೆ ಕಾಲಕ್ರಮದಲ್ಲಿ ಪಾಲಿಯೆಸ್ಟರನ್ನೂ ಶಿಥಿಲಗೊಳಿಸುತ್ತದೆ. ಆದ್ದರಿಂದ ತೀವ್ರ ಶಾಖದ ಜಾಗಗಳಲ್ಲಿ ಪಾಲಿಫಿನೈಲೀನ್ ಸಲ್ಫೈಡಿನಂಥ ಇನ್ನೂ ಗಟ್ಟಿಯಾದ ಎಳೆಗಳನ್ನು ಸೇರಿಸುತ್ತಾರೆ. ದೊಡ್ಡ ಯಂತ್ರಗಳಲ್ಲಿ ಈ ಬಟ್ಟೆ ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುತ್ತದೆ. ಅದನ್ನು ನೇಯಲು ಹತ್ತು ಮೀಟರಿಗಿಂತ ಅಗಲವಾದ ಮಗ್ಗಗಳಿವೆ. ಎರಡು ತುದಿಗಳನ್ನು ಕೂಡಿಸುವ ಹೊಲಿಗೆಯಂತೂ ಬಹಳ ಸೂಕ್ಷ್ಮದ ಕೆಲಸ. ಅದು ಕೊಂಚ ಉಬ್ಬಿದರೂ ಪ್ರತಿ ಸುತ್ತಿಗೊಮ್ಮೆ ಕಾಗದದ ಮೇಲೆ ಗುರುತು ಬೀಳುತ್ತದೆ. ಇಷ್ಟಾದರೂ ಇದು ಹಾಸು ಹೊಕ್ಕುಗಳ ಕೆಲಸವೇ.

ಇನ್ನು ನನ್ನ ಮೊದಲನೆಯ ತಪ್ಪಿನ ವಿಚಾರ. ಇದು ಬಟ್ಟೆಯೋ, ಯಂತ್ರದ ಭಾಗವೋ? ವಕೀಲಿ ವೃತ್ತಿಯಲ್ಲಿರುವ ನನ್ನ ಅಳಿಯ ಒಮ್ಮೆ ಊಟಕ್ಕೆ ಕುಳಿತಾಗ ಹೇಳಿದ ಸಂಗತಿ ಕೇಳಿ ಬೆರಗಾದೆ. ಇದೇ ಪ್ರಶ್ನೆ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು! ಹರಿಯಾಣದ ಪೊರಿಟ್ಸ್ ಅಂಡ್ ಸ್ಪೆನ್ಸರ್ (ಏಷ್ಯಾ) ಎಂಬ ಕಂಪನಿ ಹತ್ತಿಯ ಮತ್ತು ಉಣ್ಣೆಯ ಡ್ರೈಯರ್ ಫೆಲ್ಟುಗಳನ್ನು ನೇಯುತ್ತಿತ್ತು. ಅಲ್ಲಿ ಜಾರಿಯಲ್ಲಿದ್ದ 1948ರ ಪಂಜಾಬ್ ಮಾರಾಟ ತೆರಿಗೆ ಕಾಯಿದೆಯ ಪ್ರಕಾರ ಎಲ್ಲ ಬಗೆಯ ಹತ್ತಿ, ಉಣ್ಣೆ, ರೇಷ್ಮೆ ಜವಳಿಗೆ ತೆರಿಗೆ ವಿನಾಯಿತಿಯಿತ್ತು. ಫೆಲ್ಟು ಜವಳಿಯೇ ಎಂದು ಕಂಪನಿ ವಾದಿಸಿತು, ಅಲ್ಲವೆಂದು ತೆರಿಗೆ ಇಲಾಖೆ ಹೇಳಿತು. ಉಚ್ಚ ನ್ಯಾಯಾಲಯ ಇಲಾಖೆಯ ಪಕ್ಷವನ್ನೇ ಹಿಡಿಯಿತು. ಕಂಪನಿ ಮೇಲ್ಮನವಿ ಸಲ್ಲಿಸಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಬರೆದ ಆ ತೀರ್ಪಿನ ಸಾರಾಂಶ ಹೀಗೆ: ಇಂಗ್ಲಿಷಿನ 'ಟೆಕ್ಸ್‌ಟೈಲ್' ಎಂಬ ಶಬ್ದ ಬಂದದ್ದು ನೇಯುವುದು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ. ನೂಲು ಯಾವುದೇ ಇರಲಿ, ಅದನ್ನು ನೇಯ್ದಾಗ ಆಗುವುದು ಜವಳಿ. ಉಟ್ಟರೂ ಹೊದ್ದರೂ ಮೈ ಒರೆಸಿಕೊಂಡರೂ ಕಾರ್ಖಾನೆಯಲ್ಲಿ ಹಾಕಿದರೂ ಬಳಕೆಯಿಂದ ಅದರ ಜಾತಿ ಬದಲಾಗುವುದಿಲ್ಲ. ಡ್ರೈಯರ್ ಫೆಲ್ಟು ಜವಳಿಯೇ.

ನಾನು ಆ ಹುಡುಗನನ್ನು ಗದರಿಸುವುದಕ್ಕೆ ಒಂಬತ್ತು ವರ್ಷ ಮೊದಲೇ ತೀರ್ಮಾನವಾಗಿದ್ದ ಪ್ರಶ್ನೆ ಇದು. ಕರಿ ಕೋಟಿನವರು ನಿಘಂಟು, ಕಾಯಿದೆಗಳನ್ನು ಮುಂದಿಟ್ಟುಕೊಂಡು ಕಂಡುಕೊಂಡದ್ದನ್ನು ನೇಕಾರರ ಮಗ ಕಣ್ಣಳತೆಯಲ್ಲೇ ಕಂಡಿದ್ದ. ತನ್ನ ಮನೆಯ ಕಸುಬಿಗೂ ಆ ದೊಡ್ಡ ಯಂತ್ರಕ್ಕೂ ನಂಟಿದೆಯೆಂದು ತಿಳಿದು ಅವನಿಗೆ ಎಂಥ ಹೆಮ್ಮೆಯಾಗಬಹುದಾಗಿತ್ತು! ಅದನ್ನು ನಾನು ಒಂದು ಮಾತಿನಲ್ಲಿ ಕಿತ್ತುಕೊಂಡೆ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಆ ಕಾರ್ಖಾನೆಯಲ್ಲಿ 2010ರ ದಶಕದ ನಡುಭಾಗದಲ್ಲಿ ಉತ್ಪಾದನೆಯೂ ನಿಂತುಹೋಯಿತು. ಮತ್ತೆ ಮಕ್ಕಳನ್ನು ಅಲ್ಲಿ ನಿಲ್ಲಿಸಿ ಸರಿಯಾದ ಉತ್ತರ ಹೇಳುವ ಅವಕಾಶವಿಲ್ಲ.

ಕೊನೆಗೊಂದು ಮಾತು. ಯಂತ್ರವನ್ನು ಕಂಡುಹಿಡಿದ ರಾಬೇರ್ ಏನಾದ? 1812ರಲ್ಲಿ ಆರೋಗ್ಯ ಕೆಟ್ಟು ಕಾಗದದ ಕೆಲಸವನ್ನೇ ಬಿಟ್ಟು, ವೆರ್ನುಯೆ ಎಂಬ ಊರಿನಲ್ಲಿ ಚಿಕ್ಕದೊಂದು ಪ್ರಾಥಮಿಕ ಶಾಲೆಯನ್ನು ತೆರೆದ. ವರಮಾನ ಅತ್ಯಲ್ಪ. 1828ರ ಆಗಸ್ಟಿನಲ್ಲಿ ಸಾಯುವವರೆಗೂ ಪಾಠ ಹೇಳಿದ. ಇಂದು ಅದೇ ಊರಿನಲ್ಲಿ ಅವನ ಪ್ರತಿಮೆಯಿದೆ, ಅವನ ಹೆಸರಿನ ಶಾಲೆಯೂ ಇದೆ. ಜಗತ್ತಿನ ಮಕ್ಕಳಿಗೆಲ್ಲ ಅಗ್ಗದ ಕಾಗದ ಸಿಗುವ ದಾರಿ ತೋರಿದವನು ಬಡ ಮೇಷ್ಟರಾಗಿ ಕಣ್ಣು ಮುಚ್ಚಿದನೆಂದು ಓದಿದಾಗ ಮನಸ್ಸು ಭಾರವಾಯಿತು. ಮಕ್ಕಳು ಕೇಳಿದ ಪ್ರಶ್ನೆಗಳಿಗೆ ಅವನು ನನಗಿಂತ ಹೆಚ್ಚು ತಾಳ್ಮೆಯಿಂದ ಉತ್ತರಿಸಿರಬಹುದೆಂದು ನಂಬುತ್ತೇನೆ.

ಆ ಪ್ರವಾಸಕ್ಕೆ ಬಂದಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ನಿಮ್ಮ ಸಹಪಾಠಿಗೆ ದಯವಿಟ್ಟು ತಿಳಿಸಿ. ಅವನು ಹೇಳಿದ್ದೇ ಸರಿ, ಅದು ಮಗ್ಗದ ಮೇಲೆ ನೇಯ್ದ ಬಟ್ಟೆಯೇ. ಮೇಷ್ಟರು ತಪ್ಪು ಹೇಳಿದ್ದರು.