ಎದ್ದು ಹೊರಗೆ ಹೋಗಿದ್ರೆ ಸಾಕಿತ್ತು | ಭಾಗ 4

ಕೆನಡಾ, 2020. ಕೋವಿಡ್‌ನಿಂದ ಸ್ಟೂಡೆಂಟ್ಸ್‌ಗೆ ಬೇಸಿಗೆ ರಜೆಯ ಕೆಲಸ ಸಿಗೋದೇ ಕಷ್ಟ. ಸರ್ಕಾರ ಒಂದು ಅನುದಾನ ಘೋಷಿಸಿತು: ಸ್ವಯಂಸೇವೆ ಮಾಡಿದ ಗಂಟೆಗಳ ಲೆಕ್ಕದಲ್ಲಿ ಒಬ್ಬೊಬ್ಬರಿಗೆ 1,000ದಿಂದ 5,000 ಡಾಲರ್. ಬಜೆಟ್ 91.2 ಕೋಟಿ ಡಾಲರ್. ನಡೆಸುವ ಹೊಣೆ ‘ವೀ ಚಾರಿಟಿ’ ಸಂಸ್ಥೆಗೆ.

ಆದ್ರೆ ಪ್ರಧಾನಿ ಜಸ್ಟಿನ್ ಟ್ರುಡೊ ಅವರ ತಾಯಿಗೂ ತಮ್ಮನಿಗೂ ಅದೇ ಸಂಸ್ಥೆ ಭಾಷಣಕ್ಕೆ ದುಡ್ಡು ಕೊಟ್ಟಿತ್ತು. ಹಣಕಾಸು ಸಚಿವ ಬಿಲ್ ಮಾರ್ನೊ ಅವರ ಮಗಳು ಅಲ್ಲೇ ಕೆಲಸದಲ್ಲಿದ್ದರು. ಸಂಪುಟ ಇದನ್ನ ಒಪ್ಪುವಾಗ ಇಬ್ಬರೂ ದೂರ ಉಳಿಯಲಿಲ್ಲ.

ವಿಷಯ ಹೊರಬಂತು. ಜುಲೈ 3ಕ್ಕೆ ಸಂಸ್ಥೆ ಹಿಂದೆ ಸರಿಯಿತು. ಇಬ್ಬರೂ ಕ್ಷಮೆ ಕೇಳಿದರು.

2021ರ ಮೇನಲ್ಲಿ ನೈತಿಕತಾ ಆಯುಕ್ತರ ತೀರ್ಪು: ಸಂಸ್ಥೆಯ ಸ್ಥಾಪಕರೊಬ್ಬರ ಸ್ನೇಹಿತರಾಗಿದ್ದ ಮಾರ್ನೊ ನಿಯಮ ಮುರಿದಿದ್ದಾರೆ, ಟ್ರುಡೊ ಮುರಿದಿಲ್ಲ. ಯಾಕೆ? ನೋಡೋಕೆ ಸಂಘರ್ಷ ಅನ್ನಿಸಿದ್ರೆ ಸಾಲದು, ಕಾಯ್ದೆ ಪ್ರಕಾರ ನಿಜವಾದ ಹಿತಾಸಕ್ತಿ ಸಂಘರ್ಷ ಇರಬೇಕು.

ಗಮನಿಸಿ, ಲಂಚ ತಗೊಂಡ್ರಾ ಅನ್ನೋದಲ್ಲ ಇಲ್ಲಿನ ಪ್ರಶ್ನೆ. ‘ಇವರು ನನಗೆ ಬೇಕಾದವರು’ ಅಂತ ಹೇಳಿ ಆ ನಿರ್ಧಾರದಿಂದ ದೂರ ಉಳಿಯೋದೇ ನಿಯಮ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಉಳಿದುಕೊಂಡಿದ್ದಕ್ಕೆ ಬೆಲೆ ತೆತ್ತವರು? ನಮ್ಮ ವಯಸ್ಸಿನ ಸ್ಟೂಡೆಂಟ್ಸ್. ಆ ಅನುದಾನ ಕೊನೆಗೂ ಅವರ ಕೈ ಸೇರಲೇ ಇಲ್ಲ.

ಫೆಸ್ಟ್ ಕಮಿಟೀಲಿ ಕೂತು ಅಣ್ಣನ ಅಂಗಡಿಗೇ ಟೀಶರ್ಟ್ ಆರ್ಡರ್ ಪಾಸ್ ಮಾಡೋದು ತಪ್ಪಾ? ಕಾಮೆಂಟ್ ಮಾಡಿ 👇

#ಕಾಮರ್ಸ್‌ಕಥೆ #ಇತಿಹಾಸ