ಸಿಎನ್‌ಸಿ ಯಂತ್ರ ನಿರ್ವಾಹಕ

ಸಿಎನ್‌ಸಿ ಯಂತ್ರ ನಿರ್ವಾಹಕ (ರೂಢಿಯಲ್ಲಿ ಸಿಎನ್‌ಸಿ ಆಪರೇಟರ್) ಎಂದರೆ ಗಣಕ ನಿಯಂತ್ರಿತ ಲೇತ್, ಮಿಲ್ಲಿಂಗ್ ಮೊದಲಾದ ಯಂತ್ರಗಳಲ್ಲಿ ಲೋಹವನ್ನು ಕತ್ತರಿಸಿ, ನಕ್ಷೆಯಲ್ಲಿರುವ ಅಳತೆಗೆ ಸರಿಯಾಗಿ ಬಿಡಿಭಾಗಗಳನ್ನು ತಯಾರಿಸುವ ಕುಶಲ ಕಾರ್ಮಿಕ. ಟೂಲನ್ನು ಚಲಿಸುವುದು ಗಣಕವಾದರೂ ಅಳತೆಯ ನಿಖರತೆಗೆ ನಿರ್ವಾಹಕನೇ ಹೊಣೆಗಾರ.

ಇತಿಹಾಸ

ಅಮೆರಿಕದ ಜಾನ್ ಟಿ. ಪಾರ್ಸನ್ಸ್ ಅವರ ಪರಿಕಲ್ಪನೆಯನ್ನು ಆಧರಿಸಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯು 1952ರಲ್ಲಿ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿತು. ಅದಕ್ಕೆ ಆದೇಶಗಳನ್ನು ರಂಧ್ರಗಳಿರುವ ಪಟ್ಟಿಯ ಮೂಲಕ ನೀಡಲಾಗುತ್ತಿತ್ತು. ಮುಂದೆ ಈ ಸ್ಥಾನವನ್ನು ಗಣಕವು ಪಡೆಯಿತು.

ಕೆಲಸದ ವಿಧಾನ

ನಿರ್ವಾಹಕನು ಮೊದಲು ನಕ್ಷೆಯನ್ನು ಓದಿ, ಜಾಬನ್ನು ಚಕ್ ಅಥವಾ ವೈಸ್‌ನಲ್ಲಿ ಬಿಗಿಯುತ್ತಾನೆ. ಬಳಿಕ ಟೂಲುಗಳನ್ನು ಜೋಡಿಸಿ, ಅವುಗಳ ಆಫ್‌ಸೆಟ್‌ಗಳನ್ನು ದಾಖಲಿಸುತ್ತಾನೆ. ಪ್ರೋಗ್ರಾಮಿನಲ್ಲಿ ಜಿ00 ಎಂಬುದು ಟೂಲಿನ ಶೀಘ್ರ ಚಲನೆಯನ್ನೂ, ಜಿ01 ನೇರ ರೇಖೆಯಲ್ಲಿ ಕತ್ತರಿಸುವ ಚಲನೆಯನ್ನೂ ಸೂಚಿಸುತ್ತವೆ. ಯಂತ್ರವು ಆದೇಶದ ಸರಿತಪ್ಪುಗಳನ್ನು ವಿವೇಚಿಸುವುದಿಲ್ಲ. ಕೆಲವು ನಿಯಂತ್ರಕಗಳಲ್ಲಿ 50 ಮಿಲಿಮೀಟರ್ ಎಂದು ಸೂಚಿಸುವಾಗ ದಶಮಾಂಶ ಬಿಂದುವನ್ನು ಬಿಟ್ಟರೆ, ಅದು 0.05 ಮಿಲಿಮೀಟರ್ ಎಂದು ಗ್ರಹಿಸಲ್ಪಟ್ಟು ಟೂಲು ಜಾಬಿಗೆ ಅಪ್ಪಳಿಸಬಹುದು. ಆದ್ದರಿಂದ ಮೊದಲ ಜಾಬನ್ನು ಒಂದೊಂದೇ ಸಾಲಾಗಿ, ನಿಧಾನಗತಿಯಲ್ಲಿ ನಡೆಸಿ ಪರೀಕ್ಷಿಸುವುದು ವಾಡಿಕೆ.

ಅಳತೆಯ ನಿಯಂತ್ರಣ

ಟೂಲಿನ ಅಂಚು ಸವೆದಂತೆ ಹೊರಮೈ ಕಡೆಯುವಾಗ ಜಾಬಿನ ವ್ಯಾಸವು ಹೆಚ್ಚುತ್ತದೆ. ಉದಾಹರಣೆಗೆ, 25 ಮಿಲಿಮೀಟರ್ ಇರಬೇಕಾದ ದಂಡವು 25.008 ಆದಲ್ಲಿ, ನಿರ್ವಾಹಕನು ಆಫ್‌ಸೆಟ್‌ನಲ್ಲಿ ವ್ಯಾಸದ ಲೆಕ್ಕಕ್ಕೆ 0.008 ಕಡಿಮೆ ಮಾಡುತ್ತಾನೆ. ಚಿಹ್ನೆ ತಪ್ಪಿದರೆ ದೋಷವು ಇಮ್ಮಡಿಯಾಗುತ್ತದೆ. ಬಿಸಿಯಾದ ಲೋಹವು ಹಿಗ್ಗಿರುವುದರಿಂದ, ಅದು ತಣಿದ ಮೇಲೆಯೇ ಮೈಕ್ರೋಮೀಟರಿನಿಂದ ಅಳೆಯಬೇಕು. ಅಳತೆಗಾಗಿ ಅಂತರರಾಷ್ಟ್ರೀಯವಾಗಿ ಒಪ್ಪಿದ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್.

ಸುರಕ್ಷತೆ

ತಿರುಗುವ ಸ್ಪಿಂಡಲ್‌ನ ಬಳಿ ಕೈಗವಸು, ಸಡಿಲವಾದ ಉಡುಪು, ಉಂಗುರ ಧರಿಸಬಾರದು. ಅವು ಸಿಲುಕಿದರೆ ಕೈಯನ್ನೂ ಒಳಗೆ ಎಳೆಯುತ್ತವೆ. ಹರಿತವಾದ ಲೋಹದ ಸುರುಳಿಗಳನ್ನು ಯಂತ್ರ ನಿಂತ ಮೇಲೆ ಕೊಕ್ಕೆ ಅಥವಾ ಬ್ರಷ್‌ನಿಂದ ತೆಗೆಯಬೇಕು. ಉತ್ಪಾದನೆಯ ವೇಗಕ್ಕಾಗಿ ಬಾಗಿಲಿನ ಸುರಕ್ಷತಾ ಸ್ವಿಚ್ಚನ್ನು ನಿಷ್ಕ್ರಿಯಗೊಳಿಸುವುದು ಅಪಾಯಕಾರಿ.

ತರಬೇತಿ

ಭಾರತದಲ್ಲಿ ಐಟಿಐಗಳ ಟರ್ನರ್ ಮತ್ತು ಮೆಷಿನಿಸ್ಟ್ ವೃತ್ತಿಗಳ ಎರಡು ವರ್ಷದ ತರಬೇತಿಯು ಈ ಉದ್ಯೋಗಕ್ಕೆ ದಾರಿ ಮಾಡಿಕೊಡುತ್ತದೆ. ಕರ್ನಾಟಕದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ (ಜಿಟಿಟಿಸಿ) ಶಿಕ್ಷಣ ನೀಡುತ್ತದೆ. 1953ರಲ್ಲಿ ಎಚ್‌ಎಂಟಿ ಸ್ಥಾಪನೆಯಾದ ಬೆಂಗಳೂರು ಯಂತ್ರೋಪಕರಣ ಉದ್ಯಮದ ಪ್ರಮುಖ ನೆಲೆಯಾಗಿದ್ದು, ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಳಲ್ಲಿಯೂ ಸಿಎನ್‌ಸಿ ಯಂತ್ರಗಳು ಬಳಕೆಯಲ್ಲಿವೆ. ಜಾಬನ್ನು ಏರಿಸಿ ಇಳಿಸುವುದಷ್ಟನ್ನೇ ಕಲಿತವನ ಕೆಲಸವನ್ನು ರೋಬಾಟ್ ಸಹ ಮಾಡಬಲ್ಲದು. ನಕ್ಷೆ, ಅಳತೆ ಮತ್ತು ಪ್ರೋಗ್ರಾಮುಗಳನ್ನು ಅರಿತವನು ಸೆಟ್ಟರ್ ಅಥವಾ ಪ್ರೋಗ್ರಾಮರ್ ಹುದ್ದೆಗೆ ಏರಬಹುದು.