ಕ್ಷಯ ಚಿಕಿತ್ಸೋತ್ತರ ಚೇತರಿಕೆ

ಕ್ಷಯರೋಗದ (ಟಿಬಿ) ಔಷಧಕ್ರಮ ಮುಗಿದ ಮೇಲೆ ರೋಗಿಯ ದೇಹಬಲ, ಉಸಿರಾಟ, ಮನಸ್ಸು ಮತ್ತು ದುಡಿಯುವ ಶಕ್ತಿ ಮತ್ತೆ ಹದಕ್ಕೆ ಬರುವ ಕ್ರಮವನ್ನು ಚಿಕಿತ್ಸೋತ್ತರ ಚೇತರಿಕೆ ಎನ್ನಲಾಗುತ್ತದೆ. ಮಾಮೂಲಿ ಔಷಧಗಳಿಗೆ ಬಗ್ಗುವ ಶ್ವಾಸಕೋಶದ ಕ್ಷಯಕ್ಕೆ ಭಾರತದಲ್ಲಿ 6 ತಿಂಗಳ ಚಿಕಿತ್ಸೆ ರೂಢಿಯಲ್ಲಿದ್ದು, ಕೊನೆಯ ಕಫ ಪರೀಕ್ಷೆಯಲ್ಲಿ ರೋಗಾಣು ಕಾಣದಿದ್ದರೆ ರೋಗಿಯನ್ನು ಗುಣಮುಖರೆಂದು ದಾಖಲಿಸುತ್ತಾರೆ. ಆದರೆ ಆ ದಾಖಲೆ ರೋಗಾಣು ಅಳಿದುದನ್ನು ಹೇಳುತ್ತದೆಯೇ ಹೊರತು ದೇಹ ಮೊದಲಿನಂತಾಯಿತೆಂದು ಹೇಳುವುದಿಲ್ಲ.

ಈ ಅಂತರ ಸ್ಪಷ್ಟವಾಗಿ ಕಾಣಿಸಿಕೊಂಡ ಸ್ಥಳಗಳಲ್ಲಿ ಚೆನ್ನೈ ಮುಖ್ಯವಾದುದು. ಅಲ್ಲಿನ ಚೇತ್‌ಪೇಟೆಯಲ್ಲಿ 1956ರಲ್ಲಿ ಕ್ಷಯ ಔಷಧ ಚಿಕಿತ್ಸಾ ಕೇಂದ್ರ (ಈಗಿನ ರಾಷ್ಟ್ರೀಯ ಕ್ಷಯರೋಗ ಸಂಶೋಧನ ಸಂಸ್ಥೆ) ಆರಂಭವಾಯಿತು. ಅಲ್ಲಿನ ಸಂಶೋಧಕರು ಮದರಾಸಿನ ಬಡ ಕುಟುಂಬಗಳ 193 ರೋಗಿಗಳಲ್ಲಿ ಕೆಲವರಿಗೆ ಮನೆಯಲ್ಲಿಯೂ ಉಳಿದವರಿಗೆ ಸ್ಯಾನಿಟೋರಿಯಂನಲ್ಲಿಯೂ, ಅಂದರೆ ಕ್ಷಯರೋಗಿಗಳನ್ನು ತಿಂಗಳುಗಟ್ಟಲೆ ಇರಿಸಿಕೊಳ್ಳುತ್ತಿದ್ದ ಆರೋಗ್ಯಧಾಮದಲ್ಲಿಯೂ, ಒಂದು ವರ್ಷ ಒಂದೇ ಔಷಧಗಳನ್ನು ಕೊಟ್ಟು ಹೋಲಿಸಿ, 1959ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಕ್ಕಟ್ಟಾದ ಮನೆ, ಅರೆಹೊಟ್ಟೆ ಊಟ, ಬಿಡುವಿಲ್ಲದ ಕೆಲಸ ಇವುಗಳ ನಡುವೆಯೂ ಮನೆಯಲ್ಲಿ ಚಿಕಿತ್ಸೆ ಪಡೆದವರಲ್ಲಿ ರೋಗಾಣು ನಾಶವಾದ ಪ್ರಮಾಣ ಹೆಚ್ಚುಕಡಿಮೆ ಸ್ಯಾನಿಟೋರಿಯಂನವರಷ್ಟೇ ಇತ್ತು. ಸ್ಯಾನಿಟೋರಿಯಂನವರ ತೂಕ ಮಾತ್ರ ಹೆಚ್ಚು ಏರಿತ್ತು. ಮೊದಲ ಸಂಗತಿ ಜಗತ್ತಿನ ಕ್ಷಯ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿ, ಲಕ್ಷಾಂತರ ಜನರನ್ನು ಮನೆಮಠ ಬಿಟ್ಟು ಹೋಗುವ ಕಷ್ಟದಿಂದ ಪಾರುಮಾಡಿತು. ಎರಡನೆಯದಕ್ಕೆ ಸಲ್ಲಬೇಕಾದಷ್ಟು ಗಮನ ಬಹುಕಾಲ ಸಲ್ಲಲಿಲ್ಲ. ಚಿಕಿತ್ಸೆಯ ಜೊತೆಗೆ ಚೇತರಿಕೆಯ ಹೊಣೆಯೂ ಮನೆಯ ಅಡುಗೆಕೋಣೆಗೆ ಬಂದು ಬಿದ್ದಿತ್ತು.

ಊಟದ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡದ್ದು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಚೆನ್ನೈ ಸಂಸ್ಥೆಯೊಂದಿಗೆ ಸೇರಿ ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನ. ಅದರಲ್ಲಿ 2,800 ರೋಗಿಗಳಿಗೆ ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ ಇದ್ದ ಸುಮಾರು 10 ಕಿಲೋ ಪಡಿಯನ್ನು ತಿಂಗಳು ತಿಂಗಳು ಕೊಡಲಾಯಿತು. ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರಲ್ಲಿ ಸಾವಿನ ಅಪಾಯ ಗಣನೀಯವಾಗಿ ಕಡಿಮೆಯಿತ್ತು. ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆ 2018ರಿಂದ ಕೊಡುತ್ತಿದ್ದ ತಿಂಗಳಿಗೆ 500 ರೂಪಾಯಿ 2024ರಲ್ಲಿ 1,000ಕ್ಕೆ ಏರಿತಾದರೂ, ಈ ನೆರವು ಚಿಕಿತ್ಸೆಯ ಅವಧಿಯದು. ಹಸಿವು ಮರಳಿ ಮೈ ತುಂಬಿಕೊಳ್ಳುವುದು ಎಷ್ಟೋ ಜನರಿಗೆ ಆಮೇಲಿನ ಮಾತು.

ಶ್ವಾಸಕೋಶದಲ್ಲಿ ಉಳಿಯುವ ಕಲೆ ಇನ್ನೂ ಹಟಮಾರಿಯಾದುದು. ಗಾಯ ಮಾಗುವಾಗ ಮೃದುವಾದ ಅಂಗಾಂಶ ನಾರಿನಂತೆ ಬಿಗಿಯುವುದು, ಗಾಳಿಕೊಳವೆಗಳು ಹಿಗ್ಗಿ ಅವುಗಳಲ್ಲಿ ಕಫ ನಿಲ್ಲುವುದು (ಬ್ರಾಂಕಿಯೆಕ್ಟಾಸಿಸ್) ಇವೆರಡೂ ಸಾಮಾನ್ಯ. ಒಂದು ಮಹಡಿ ಹತ್ತುವಷ್ಟರಲ್ಲಿ ಕಂಬಿ ಹಿಡಿದು ನಿಲ್ಲಬೇಕಾದವರಿಗೆ, ಮೂಗಿನಿಂದ ಉಸಿರೆಳೆದು ಸೀಟಿ ಊದುವಂತೆ ತುಟಿ ಕಿರಿದುಮಾಡಿ ನಿಧಾನವಾಗಿ ಬಿಡುವ ಅಭ್ಯಾಸವನ್ನೂ ದಿನದಿನಕ್ಕೆ ಸ್ವಲ್ಪವೇ ಹೆಚ್ಚಿಸುವ ನಡಿಗೆಯನ್ನೂ ಕಲಿಸಲಾಗುತ್ತದೆ. ಐಸೋನಿಯಜಿಡ್ ಔಷಧದಿಂದ ಕೆಲವರಿಗೆ ಬರುವ ಅಂಗಾಲಿನ ಜುಮುಜುಮು, ಉರಿ ನರಗಳ ತೊಂದರೆಯಾಗಿದ್ದು, ಅದನ್ನು ತಡೆಯಲು ಬಿ6 ಜೀವಸತ್ವ ಕೊಡುತ್ತಾರೆ.

ಮನಸ್ಸಿನ ಚೇತರಿಕೆ ಬಹುಪಾಲು ಮನೆಯವರ ನಡವಳಿಕೆಯನ್ನು ಅವಲಂಬಿಸಿದೆ. ಕ್ಷಯ ಗಾಳಿಯಿಂದ ಹರಡುತ್ತದೆಯೇ ಹೊರತು ತಟ್ಟೆ ಲೋಟದಿಂದಲ್ಲ. ಆದರೂ ರೋಗಿಗೆಂದು ಬೇರೆ ಇಟ್ಟ ಲೋಟ ಮಾತ್ರೆಗಳು ಮುಗಿದ ಮೇಲೂ ಮೂಲೆಯಲ್ಲೇ ಉಳಿಯುವುದುಂಟು, ಅದನ್ನು ದಿನವೂ ಕಾಣುವವರಿಗೆ ತಾವು ಗುಣವಾದೆವೆಂಬ ನಂಬಿಕೆ ಬರುವುದು ಕಷ್ಟ. ಮದುವೆಯ ಮಾತುಕತೆಯಲ್ಲಿ, ಕೆಲಸದ ಸ್ಥಳದಲ್ಲಿ ರೋಗವನ್ನು ಮುಚ್ಚಿಡಬೇಕಾದ ಒತ್ತಡವೂ ಖಿನ್ನತೆಗೆ ದಾರಿಮಾಡುತ್ತದೆ.

ಪ್ರತಿ ಕೆಮ್ಮಿಗೂ ರೋಗ ಮರುಕಳಿಸಿತೇ ಎಂಬ ದಿಗಿಲು ಇವರಲ್ಲಿ ಸಹಜ. ಚಿಕಿತ್ಸೆ ಮುಗಿದ ಮೇಲೆ 6 ತಿಂಗಳಿಗೊಮ್ಮೆ, 2 ವರ್ಷದವರೆಗೆ ತಪಾಸಣೆ ಮಾಡಬೇಕೆಂಬ ರಾಷ್ಟ್ರೀಯ ನಿಯಮ ಈ ದಿಗಿಲಿಗೂ ಉತ್ತರ ಕೊಡುತ್ತದೆ. ಹಳೆಯ ಕಲೆಯಿಂದಲೂ ಕಫದಲ್ಲಿ ರಕ್ತ ಕಾಣಿಸಿಕೊಳ್ಳಬಹುದಾದ್ದರಿಂದ, ತಡಮಾಡದೆ ವೈದ್ಯರಿಗೆ ತೋರಿಸಿ, ಕಫ ಪರೀಕ್ಷೆಯಲ್ಲಿ ರೋಗಾಣು ಇದೆಯೇ ಎಂದು ನೋಡಿದ ಮೇಲೆಯೇ ಮತ್ತೆ ಔಷಧ ಆರಂಭಿಸುವುದು ಸರಿಯಾದ ಕ್ರಮ.